ಚಾರ್ಟಿನ ಇಲಿ

ಹುಮನಾಬಾದಿನ ಹೆದ್ದಾರಿ ಪಕ್ಕ, ಟೈರಿನಂಗಡಿಗಳ ಹಿಂದೆ
ಎರಡೇ ಕೋಣೆಯ ನಮ್ಮ ಶಾಲೆ.
ಹೈದರಾಬಾದಿನ ಲಾರಿ ಹಾರ್ನ್ ಹೊಡೆದರೆ
ಕಾಗುಣಿತ ಅರ್ಧಕ್ಕೆ ನಿಲ್ಲುತ್ತದೆ,
ಸೊಲ್ಲಾಪುರದ್ದು ಬಂದರೆ ಉಳಿದರ್ಧ.

ಜೂನ್ ತಿಂಗಳು. ಒಂದನೇ ಇಯತ್ತೆ.
ಮೈದಾ ಅಂಟು ಕಾಯಿಸಿ ನಾನೇ ರಟ್ಟಿಗೆ ಅಂಟಿಸಿದ ಚಾರ್ಟು.
ಮೂರನೆಯ ಮನೆಯ ಮೇಲೆ ಬೆರಳಿಟ್ಟು ಕೇಳಿದೆ,
'ಇದೇನು?'
ಬೂದು ಮೈ, ಉದ್ದ ಬಾಲ, ಮುಂಗೈಯಲ್ಲಿ ಒಂದು ಜೋಳದ ಕಾಳು.

'ಎಲ್ಕ' ಅಂದಳು ಮೌನಿಕ,
ಜಹೀರಾಬಾದ್ ಕಡೆಯಿಂದ ಇಟ್ಟಿಗೆ ಭಟ್ಟಿಗೆ ಬಂದವರ ಮಗಳು.
'ಚುವ್ವಾ' ಅಂದ ಮೊಯಿಜ್;
ನಿನ್ನೆ ಅವರಪ್ಪ ಗ್ಯಾರೇಜಿನಲ್ಲಿ ಎರಡು ಹೊಡೆದದ್ದನ್ನೂ ಹೇಳಿದ.
'ಉಂದೀರ್' – ದತ್ತು ಸೂರ್ಯವಂಶಿ, ನೋಡುವ ಮೊದಲೇ.
'ಇಲಿ ಅದರೀ ಅಕ್ಕೋರ' ಅಂದ ಭದ್ರೇಶ, ಗೆದ್ದವನ ಹಾಗೆ.
ತಾಂಡಾದ ಚಾವ್ಲಿ ಏನೂ ಅನ್ನಲಿಲ್ಲ.
ಅವಳು ಏನೂ ಅನ್ನುತ್ತಿರಲಿಲ್ಲ.

ಇ ಅಂದರೆ ಇಲಿ, ಇಲಿ ಅಂದರೆ ಇ:
ಇಪ್ಪತ್ತೊಂದು ವರ್ಷ ಈ ನಂಬಿಕೆಯ ಮೇಲೆ ಸಂಬಳ ಎಣಿಸಿದ್ದೇನೆ.

ತಿಂಗಳ ಪರೀಕ್ಷೆ. ಚಿತ್ರ ನೋಡಿ ಮೊದಲ ಅಕ್ಷರ ಬರೆ.
ಒಬ್ಬಳು ಎ, ಒಬ್ಬ ಚ, ಒಬ್ಬ ಉ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಮೂರೂ ಅಕ್ಷರ ದುಂಡಗೆ, ಗೆರೆಯ ಮೇಲೆ ನೆಟ್ಟಗೆ ಕೂತಿವೆ.
ತಪ್ಪು ಎಲ್ಲಿದೆ ಎಂದು ಹುಡುಕುತ್ತ ಹೋದರೆ
ತಪ್ಪು ಚಿತ್ರದಲ್ಲಿತ್ತು.
ಅಥವಾ ನನ್ನಲ್ಲಿ.

ನೆನಪಾಯಿತು: ಟ್ರೇನಿಂಗಿನ ಮೊದಲ ದಿನ
'ಬರ್ಲತೀನಿ ಸರ್' ಅಂದದ್ದಕ್ಕೆ
ಇಡೀ ಕೋಣೆ ನಕ್ಕಿತ್ತು.
'ಅದು ಯಾವ ಭಾಷೆಯಮ್ಮ?' ಎಂದಿದ್ದರು ಸರ್.
ಆ ವರ್ಷವೆಲ್ಲ ನಾನೂ ಒಬ್ಬ ಚಾವ್ಲಿ.

ಪೆನ್ನಿಗೆ ಮುಚ್ಚಳ ಹಾಕಿದೆ.
ಚಾರ್ಟಿನ ಇಲಿಯ ಹೊಟ್ಟೆಯ ಕೆಳಗೆ
ಪೆನ್ಸಿಲಿನಲ್ಲಿ ಬರೆದೆ: ಇಲಿ. ಎಲ್ಕ. ಚುವ್ವಾ. ಉಂದೀರ್.
ಒಬ್ಬರ ಮಾತನ್ನು ಒಬ್ಬರು ಓದಿ ನಕ್ಕರು.
ಮೌನಿಕ ಮಾತ್ರ ಚಾರ್ಟಿಗೆ ಮೂಗು ತಾಗಿಸಿ ನಿಂತಳು,
ಬಹಳ ಹೊತ್ತಾದ ಮೇಲೆ ಕೂಗಿದಳು:
'ಟೀಚರ್, ಇಲಿಯೊಳಗ ನಂದೂ ಅದ!'
ಎಲ್ಕದ ಲ ಅಲ್ಲಿ ಒಂದು ಗುಡಿಸು ಹೊತ್ತುಕೊಂಡು
ಇಲಿಯ ಬಾಲವಾಗಿ ಕೂತಿತ್ತು.
ಅವಳು ಕನ್ನಡ ಓದಿದ್ದು ಅವತ್ತು, ಆ ಲ-ದಿಂದ, ಹಿಂದುಮುಂದಾಗಿ.

ಆಗಸ್ಟಿನಲ್ಲಿ ಸಾಹೇಬರು ಬಂದರು.
'ಏನ್ ಮೇಡಂ ಇದು? ಒಂದು ಚಿತ್ರಕ್ಕ ಒಂದು ಅಕ್ಷರ.
ಅಳಸ್ರಿ.'
ಅಷ್ಟರಲ್ಲಿ ಅವರ ಫೋನು.
ಕಿಟಕಿಗೆ ಮುಖ ಮಾಡಿ, ದನಿ ಇಳಿಸಿ
ತಾಯಿಯ ಜೊತೆ ಮರಾಠಿಯಲ್ಲಿ ಮಾತಾಡಿದರು,
ಗುಳಿಗೆ ತಗೊಂಡೆಯಾ, ಉಂಡೆಯಾ.
ದತ್ತು ಕಣ್ಣು ಅಗಲಿಸಿ ನನ್ನ ನೋಡಿದ.
ನಾನು ರಬ್ಬರು ಹುಡುಕುತ್ತಿದ್ದೆ, ಸಿಗಬಾರದೆಂದು.
ಮೊಯಿಜ್ ತನ್ನದನ್ನೇ ತಂದುಕೊಟ್ಟ, ಪಾಪ, ಒಳ್ಳೆಯ ಹುಡುಗ.

ಅಳಿಸಿದೆ. ಪೆನ್ಸಿಲು ಹೋಯಿತು, ಒತ್ತು ಹೋಗಲಿಲ್ಲ.

ದಸರಾ ರಜೆ ಮುಗಿಸಿ ಬೀರು ತೆಗೆದರೆ
ಮೈದಾ ಅಂಟಿನ ವಾಸನೆ ಹಿಡಿದು ಬಂದು
ಮೂರನೆಯ ಮನೆಯನ್ನು ಪೂರ್ತಿ ತಿಂದಿತ್ತು ಒಂದು,
ಬಾಲ, ಜೋಳದ ಕಾಳು, ಇ, ಎಲ್ಲ.
ಆಮೇಲೆ ರಟ್ಟಿನ ಹಿಂದಿನಿಂದ ಅದೇ ಹಾರಿತು!

ನಾಲ್ಕು ಬಾಯಿಂದ ನಾಲ್ಕು ಹೆಸರು.
ಬೆಂಚಿನ ಮೇಲೆ ಹತ್ತಿ ನಿಂತ ಐದನೆಯವಳು
ಎಲ್ಲರಿಗಿಂತ ಜೋರಾಗಿ ಕೂಗಿದಳು,
ತಾಂಡಾದ ತನ್ನ ಮಾತಿನಲ್ಲಿ,
ದತ್ತುವಿನದರ ಹಾಗೇ ಶುರುವಾಗಿ
ತುದಿಯಲ್ಲಿ ಬೇರೆ ಕಡೆ ತಿರುಗಿದ ಒಂದು ಪದ.

'ಇನ್ನೊಮ್ಮೆ ಹೇಳು ಚಾವ್ಲಿ,' ಅಂದೆ
ಸುಣ್ಣದ ಕಡ್ಡಿ ಹಿಡಿದು.
ಹೇಳಿದಳು.
ಮೊದಲ ಅಕ್ಷರ ಬರೆದೆ. ಎರಡನೆಯದಕ್ಕೆ ಕೈ ತಡವರಿಸಿತು.
ಅವಳು ಇಳಿದು ಬಂದು ಹಲಗೆಯ ಮುಂದೆ ನಿಂತಳು,
ನನಗೆ ಕೇಳುವ ಹಾಗೆ
ಮೆಲ್ಲಗೆ, ಬಿಡಿಸಿ ಬಿಡಿಸಿ
ಮತ್ತೆ ಹೇಳತೊಡಗಿದಳು.