ಅರ್ಧ ಮಂದಿಗೆ

ಹದಿನಾಲ್ಕು ದಿನ ಆಯಿತು,
ಕೊಪ್ಪೀಕರ ರಸ್ತೆಯ ಮೂರನೇ ಮಹಡಿಯಲ್ಲಿ ಕೂತು
ಬಂದ ಮಂದಿಯನ್ನು ಎರಡು ಪಾಲು ಮಾಡುತ್ತಿದ್ದೇನೆ.
ಒಬ್ಬರಿಗೆ ರೊಟ್ಟಿಯ ಚಿತ್ರ ಮೇಲೆ, ದರ ಕೆಳಗೆ.
ಇನ್ನೊಬ್ಬರಿಗೆ ದರವೇ ಮೊದಲು, ರೊಟ್ಟಿ ಆಮೇಲೆ.
ಯಾರಿಗೆ ಯಾವುದು ಅನ್ನುವುದು ನನ್ನ ಕೈಯಲ್ಲಿಲ್ಲ,
ಒಳಗೆಲ್ಲೋ ಒಂದು ನಾಣ್ಯ
ಚಿಮ್ಮುತ್ತಲೇ ಇರುತ್ತದೆ.

'ಕೊಳ್ಳಿ' ಎಂಬ ಗುಂಡಿ
ಒಂದು ಪುಟದಲ್ಲಿ ಹಸಿರು, ಒಂದರಲ್ಲಿ ಕೇಸರಿ ಇಟ್ಟಿದ್ದೆ.
ಪರಪ್ಪ ಸಾವಕಾರರು ಮೂಗಿನ ಮೇಲೆ ಬೆರಳಿಟ್ಟರು:
"ಆ ಎರಡು ಬಣ್ಣ ಈ ಊರಾಗ ಜೋಡಿ ಇಡಬ್ಯಾಡವಾ,
ನೀಲಿ ಮಾಡು."
ರೊಟ್ಟಿಯ ಗಂಟು ಇಳಿಸಲು ಬಂದ ಕಲ್ಲವ್ವ
ಪರದೆಯೊಳಗೆ ಇಣುಕಿ,
"ಗುಂಡಿ ಒತ್ತೂದೇನು?
ನಮ್ಮ ಓಣ್ಯಾಗಿನ ಗುಂಡ್ಯಾಗ ಮಂದಿ ಬೀಳತಾರ"
ಅಂದು ನಕ್ಕು, ಖಾಲಿ ಬಟ್ಟೆ ಝಾಡಿಸಿ ಹೋದಳು.

ಪುಣೆಯ ಯಾರೋ ಒಬ್ಬರು ರಾತ್ರಿ ಒಂದಕ್ಕೆ ಬಂದು
ಶೇಂಗಾ ಹಿಂಡಿಯ ಮುಂದೆ ನಾಲ್ಕು ನಿಮಿಷ ನಿಂತು
ಏನೂ ಒಯ್ಯದೆ ಹೊರಟುಹೋದರು.
ಪಕ್ಕದಲ್ಲೇ ಇನ್ನೊಂದು ಅಂಗಡಿ ತೆರೆದಿತ್ತು,
ಅದೇ ರೊಟ್ಟಿ, ಅದೇ ಹಿಂಡಿ, ಬಾಗಿಲಷ್ಟೇ ಬೇರೆ.
ಅವರಿಗದು ಗೊತ್ತಾಗುವುದೇ ಇಲ್ಲ.

"ಇದೇನು ಹೊಸಾದಲ್ಲ ಬಿಡು" ಅಂದರು ಸಾವಕಾರರು.
"ದುರ್ಗದ ಬೈಲಾಗ ನಾನೂ ಮಾಡ್ತಿದ್ನಿ.
ಸ್ವಾಮವಾರ ಬೆಲ್ಲ ಮುಂದ, ಮಂಗಳವಾರ ಪುಟಾಣಿ ಮುಂದ.
ಸಂಜಿಗೆ ಗಲ್ಲಾಪೆಟಗಿ ಹೇಳತಿತ್ತು."
"ಖರೇನ್ರಿ, ಆದರ ಆ ಮಂಗಳವಾರ ಅಮಾಸಿ ಇತ್ತಂದ್ರ?"
ಅವರು ಸುಮ್ಮನಾದರು,
ನಲವತ್ತು ವರ್ಷದ ಮಂಗಳವಾರಗಳನ್ನೆಲ್ಲ
ಒಂದೊಂದಾಗಿ ತೂಕಕ್ಕೆ ಹಾಕುವವರ ಹಾಗೆ.

ನನಗೆ ನೆನಪಾದದ್ದು ರಾಚಯ್ಯಜ್ಜ.
ಊರೂರಿಗೆ ಸಂಬಂಧ ಹೊತ್ತು ತಿರುಗುವವನು,
ನನ್ನ ಎರಡು ಫೋಟೊ ತೆಗೆಸಿದ್ದ.
ಕನ್ನಡಕ ಇದ್ದದ್ದು ಹಾವೇರಿ ಕಡೆಗೆ,
ಇಲ್ಲದ್ದು ಗದಗಿನ ಕಡೆಗೆ.
"ಯಾವುದು ಹತ್ತತೈತಿ ನೋಡೋಣು."
ಗದಗಿನಿಂದ ಐದು ಕರೆ ಬಂದವು,
ಹಾವೇರಿಯಿಂದ ಒಂದೂ ಇಲ್ಲ.
ಅಷ್ಟಕ್ಕೇ ಮನೆಯಲ್ಲಿ ತೀರ್ಮಾನವಾಯಿತು.
ಹಾವೇರಿಯವರು ಆ ವಾರ ಬಿತ್ತನೆಗೆ ಹೋಗಿದ್ದರೇನೋ
ಎಂದು ಕೇಳುವವರು ಯಾರಿದ್ದರು?
ಕೇಳುವ ವಿದ್ಯೆ ನಾನೂ ಆಗ ಕಲಿತಿರಲಿಲ್ಲ.

ಹೀಗಾಗಿ ಒಂದು ಭಾನುವಾರ
ಮಂಜಿನಂಥ ಪಡಸಾಲೆಯಲ್ಲಿ ಚಹಾದ ತಾಟು ಹಿಡಿದು
ಬಿಳಿ ಅಂಗಿಯೊಂದರ ಕಡೆ ನಡೆದೆ.
ಕಪ್ಪನ್ನು ಇಟ್ಟದ್ದು ಮೇಜಿನ ಅಂಚಿನ ಆಚೆಗೆ.
ಒಡೆದ ಸದ್ದಿಗೆ ಎಲ್ಲರೂ ಎದ್ದರು.
ನಾನು ಸೆರಗಿನ ಗಂಟಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ,
ಚೂರು ಆರಿಸಬೇಕಿತ್ತಲ್ಲ.
ಎದುರಿಗೆ ಬಗ್ಗಿದ್ದವನೂ ಜೇಬಿಗೆ ಕೈಹಾಕಿದ.
ಅವನದು ನನ್ನದಕ್ಕಿಂತ ದಪ್ಪ ಗಾಜು.

ಈ ಹೊತ್ತು ಎಣಿಕೆ ಮುಗಿಯಿತು.
ದರ ಮೊದಲು ಹೇಳಿದ ಪುಟ ಗೆದ್ದಿದೆ:
ನೂರಾ ಅರವತ್ತೆರಡಕ್ಕೆ ನೂರಾ ಹನ್ನೊಂದು.
ಅಮಾಸಿ ಎರಡಕ್ಕೂ ಒಂದೇ ದಿನ ಬಂದಿತ್ತು,
ಇನ್ನು ಅನುಮಾನವಿಲ್ಲ.
ಸಾವಕಾರರು ಮಿರ್ಚಿ ತರಿಸಿದರು.
ಸೋತದ್ದನ್ನು ರಾತ್ರಿಯೇ ತೆಗೆದುಬಿಡು ಅಂದರು.

ತೆಗೆದೆ.

ಧಾರವಾಡದ ಕೊನೆಯ ಚಿಗರಿ ಬಸ್ಸಿನಲ್ಲಿ
ಗಾಜಿಗೆ ತಲೆಯಾನಿಸಿ ಕೂತಾಗ
ನವನಗರ ದಾಟಿದರೂ ಬಿಡಲಿಲ್ಲ ಆ ನೂರಾ ಹನ್ನೊಂದು ಮಂದಿ.
ಸೋತ ಬಾಗಿಲಿನಿಂದಲೇ ಬಂದವರು,
ರೊಟ್ಟಿಯ ಮೋರೆ ನೋಡಿ
ದರ ಕೇಳುವ ಮೊದಲೇ ಹೂಂ ಅಂದವರು.
ಮುಂದಿನ ತಿಂಗಳು ಹಿಂಡಿ ಮುಗಿದಾಗ ಮತ್ತೆ ಬರುತ್ತಾರೆ,
ಇಲ್ಲೇ ಇತ್ತಲ್ಲ, ಇಲ್ಲೇ ಎಲ್ಲೋ ಇತ್ತಲ್ಲ ಅನ್ನುತ್ತ
ನೀಲಿ ಗುಂಡಿಯನ್ನು ತಡಕುತ್ತಾರೆ,

ನಸುಕಿನಲ್ಲಿ ನನ್ನ ಕನ್ನಡಕವನ್ನು ತನ್ನದೆಂದು ಏರಿಸಿಕೊಂಡು
ಹಾಲಿನ ಚೀಲ ಹುಡುಕುವ
ನಮ್ಮ ಮನೆಯವರ ಹಾಗೆ.