ಉಂಡು ಮಲಗುವ ತನಕ

ರಾತ್ರಿ ಮೂರು. ಗ್ರಿಮ್ಸ್‌ಬಿ. ಚೇತರಿಕೆ ಕೋಣೆಯಲ್ಲಿ
ತುಂಬಿರುವುದು ಒಂದೇ ಮಂಚ.
ಆರ್ಥರ್ ಬ್ಲ್ಯಾಂಚರ್ಡ್, ಎಂಬತ್ತೊಂದು, ಸಿಕ್ಕಿಕೊಂಡ ಹರ್ನಿಯಾ,
ಐಸ್‌ಲ್ಯಾಂಡಿನ ಕಡೆ ಕಡಲಲ್ಲಿ ಹರೆಯವೆಲ್ಲ ಬಲೆ ಎಳೆದ ಕೈ.
ಆ ಕೈಗೆ ನನ್ನ ಎರಡು ಬೆರಳು ಕೊಟ್ಟು ಹೇಳುತ್ತೇನೆ: ಹಿಂಡಿ.
ಹಿಂಡುತ್ತಾನೆ.
ತಲೆ ಎತ್ತಿ. ಎತ್ತುತ್ತಾನೆ, ನಾನು ಐದು ಎಣಿಸುವ ತನಕ.
ಸ್ನಾಯುಗಳಿಗೆ ಜಡಿದಿದ್ದ ಬೀಗ ಬಿಚ್ಚಿದೆ.
ಬಿಚ್ಚಿದ್ದು ನಿಯೋಸ್ಟಿಗ್ಮಿನ್.

ಆದರೆ ಆ ಬೀಗದಕೈ ಒಂದೇ ಬಾಗಿಲಿಗೆ ತೃಪ್ತಿಪಡುವುದಿಲ್ಲ,
ಮನೆಯ ಎಲ್ಲ ಕೋಣೆಗೂ ಹೋಗುತ್ತದೆ.
ಬಾಯಲ್ಲಿ ಜೊಲ್ಲು ತರಿಸುತ್ತದೆ, ಕರುಳನ್ನು ಕೆಣಕುತ್ತದೆ,
ಹೃದಯದ ಹತ್ತಿರ ಕೂತು
ಏನವಸರ, ಮೆಲ್ಲಗೆ, ಅನ್ನುತ್ತದೆ.
ಅದರ ಕಾವಲಿಗೆಂದೇ ಅದೇ ಸಿರಿಂಜಿನಲ್ಲಿ ಗ್ಲೈಕೋಪೈರೋಲೇಟ್.
ಈ ರಾತ್ರಿ ಕಾವಲುಗಾರ ಸಾಲಲಿಲ್ಲ.
ಐವತ್ತೆರಡು. ನಲವತ್ತಾರು.
ಮೂವತ್ತೆಂಟು.

ನನಗೆ ಇದನ್ನು ಕಲಿಸಿದ್ದು ಸಿಸ್ಟರ್ ಬ್ರೆಂಡಾ ಹೋಲ್ನೆಸ್,
ಚಹಾದಲ್ಲಿ ಮುಳುಗಿದ ಬಿಸ್ಕತ್ತನ್ನು ಚಮಚದಲ್ಲಿ ಹುಡುಕುತ್ತ:
ನಮ್ಮ ಮಾತು ಕೇಳದ ನರಗಳು ಎರಡು ಬಗೆ, ಹುಡುಗಿ.
ಒಂದು ಹೊಡಿ, ಇಲ್ಲ ಓಡು ಅನ್ನುತ್ತದೆ.
ಇನ್ನೊಂದು, ಉಂಡು ಮಲಗು.
ನಾನು ನಕ್ಕುಬಿಟ್ಟೆ. ಯಾಕೆ ಅಂದಳು.
ನಮ್ಮಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂದೆ.
ಎರಡು ಸಲ ಗಂಡನನ್ನು ಬಿಟ್ಟವಳು
ಬಿಸ್ಕತ್ತಿನ ಚೂರು ಎತ್ತಿ ಬಾಯಿಗಿಟ್ಟು,
ನಮ್ಮಲ್ಲಿ ವಕೀಲರ ತನಕ, ಅಂದಳು.

ಫೋನಿನಲ್ಲಿ ಡಾಕ್ಟರ್ ಪೆನ್‌ಹೇಲ್: ಅಟ್ರೊಪಿನ್ ಕೊಡು, ಬಂದೆ.
ಆರುನೂರು ಮೈಕ್ರೋಗ್ರಾಂ. ಬ್ರೆಂಡಾ ಓದಿದಳು, ನಾನೂ ಓದಿದೆ,
ಹೆಸರು, ಪ್ರಮಾಣ, ತಾರೀಖು, ಜೋರಾಗಿ,
ಇಬ್ಬರೂ ಈಗಷ್ಟೇ ಅಕ್ಷರ ಕಲಿತವರ ಹಾಗೆ.
ಹಿಂದೆಯೇ ಉಪ್ಪುನೀರು ತಳ್ಳಿದೆ.
ನಲವತ್ನಾಲ್ಕು. ಅರವತ್ತೊಂದು. ಎಂಬತ್ತನಾಲ್ಕು.
ಉಣ್ಣುವುದು ಬೇಡ, ಮಲಗುವುದು ಬೇಡ, ಏಳು.

ಈ ಮದ್ದಿನ ನೆಂಟರನ್ನು ನಾನು ಮೊದಲೇ ಬಲ್ಲೆ.
ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆಯಲ್ಲಿ ಅಪ್ಪ ಕಾಂಪೌಂಡರ್.
ಹಳಿ ಪಕ್ಕದ ಕಲ್ಲಿದ್ದಲ ಬೂದಿಯಲ್ಲಿ ಮದ್ದುಗುಣಿಕೆ,
ಮುಳ್ಳುಕಾಯಿ, ಬಿಳಿ ಹೂವು, ಮುಟ್ಟಬೇಡ ಅಂದಿದ್ದ ಎಲೆ.
ಯಾರೋ ಚಹಾದಲ್ಲಿ ಅದರ ಬೀಜ ಅರೆದು ಕೊಟ್ಟು
ಗಂಟು ದೋಚಿಕೊಂಡು ಹೋದ ಪ್ರಯಾಣಿಕನೊಬ್ಬ
ಇಡೀ ದಿನ ಬೆಂಚಿನ ಮೇಲೆ ಕೂತು
ಗಾಳಿಯಿಂದ ಎಳೆ ಎಳೆಯಾಗಿ ದಾರ ಕೀಳುತ್ತಿದ್ದ.
ಕೆಂಡದ ಹಾಗೆ ಕೆನ್ನೆ, ಕಣ್ಣ ತುಂಬ ಪಾಪೆ.
ಅಪ್ಪ ಅವನಿಗೆ ನೀರು ಕುಡಿಸುತ್ತ ಹೇಳಿದ್ದ:
ನಗಬೇಡ. ಅವನಿಗೆ ಆ ದಾರ ಕಾಣುತ್ತಿದೆ.

ಗ್ಲೈಕೋಪೈರೋಲೇಟ್ ಮರ್ಯಾದಸ್ಥ, ಮೆದುಳಿನ ಹೊಸ್ತಿಲಲ್ಲೇ ನಿಲ್ಲುತ್ತದೆ.
ಅಟ್ರೊಪಿನ್ ಚಪ್ಪಲಿ ಸಮೇತ ನಡುಮನೆಗೆ ಬರುತ್ತದೆ.
ಅರ್ಧ ಗಂಟೆ ಕಳೆದಿತ್ತು. ಮುದುಕ ಎದ್ದು ಕೂತ.
ಒಣಗಿದ ನಾಲಿಗೆ ಮೇಲಣ್ಣಕ್ಕೆ ಅಂಟಿ ಚಟ್ ಅಂದಿತು.
ಮಂಚದ ಕಂಬಿಯಾಚೆಯ ಕತ್ತಲೆಯಿಂದ
ಎರಡೂ ಕೈಯಲ್ಲಿ ಏನನ್ನೋ ಮೇಲೆಳೆಯತೊಡಗಿದ.
ನಾನು ಸ್ಪಂಜು ಅದ್ದಿ ತುಟಿ ಒದ್ದೆ ಮಾಡಿದೆ.
ಇದು ಆಸ್ಪತ್ರೆ, ಮಿಸ್ಟರ್ ಬ್ಲ್ಯಾಂಚರ್ಡ್, ಆಪರೇಷನ್ ಆಯಿತು ಅಂದೆ.
ನನ್ನನ್ನು ನೋಡಿದ. ಅನುಭವವಿಲ್ಲದ ಹುಡುಗನನ್ನು ನೋಡುವ ಹಾಗೆ.
ನಿಂತೇ ಇದ್ದೀಯಲ್ಲ, ಅಂದ. ಹಿಡಿ. ಎಳಿ.
ಹೊಟ್ಟೆಯ ಹೊಲಿಗೆ ನೆನಪಾಯಿತು.
ಅವನು ಎಳೆದರೆ ಹೊಲಿಗೆಗೆ ಕುತ್ತು.
ಬಿಡಿ, ನಾನು ಎಳೆಯುತ್ತೇನೆ ಅಂದೆ.
ಅವನು ಹಗ್ಗದ ತುದಿ ಕೊಟ್ಟ. ತಲೆದಿಂಬಿಗೆ ಒರಗಿದ.

ಪೆನ್‌ಹೇಲ್ ಬಂದಾಗ
ನಾನು ಎಳೆಯುತ್ತಲೇ ಇದ್ದೆ.
ಚಾರ್ಟಿನಲ್ಲಿ ಬ್ರೆಂಡಾಳ ಅಕ್ಷರ:
ಮೂರು ಐವತ್ತೆರಡು. ನಾಡಿ ಎಂಬತ್ತನಾಲ್ಕು. ಬಾಯಿ ಒಣಗಿದೆ.
ಗೊಂದಲವಿದೆ, ಪಕ್ಕದಲ್ಲಿ ನರ್ಸ್ ಇದ್ದಾಳೆ.
ಕೈಗಳಲ್ಲಿ ಬಲ ಚೆನ್ನಾಗಿದೆ.