ಒಂದು ಗೇಣು ಎಡಕ್ಕೆ

ಮಾರಿಕಣಿವೆಯ ಹಿನ್ನೀರಿಗೆ
ಬೆಳಗಿನ ಆರಕ್ಕೆ ಇನ್ನೂ ಗಾಳಿ ಬಂದಿರುವುದಿಲ್ಲ.
ಗುಡ್ಡದ ಮೇಲಿನ ಗಾಳಿಯಂತ್ರಗಳು
ಮೂರೂ ಕೈ ಚಾಚಿ ಸುಮ್ಮನೆ ನಿಂತಿರುತ್ತವೆ.
ಅವು ತಿರುಗುವುದರೊಳಗೆ ನಮ್ಮ ಕೆಲಸ ಮುಗಿಯಬೇಕು.

ನಾನು ಪಂಪ್‌ಸೆಟ್ ರಿಪೇರಿಯವನು,
ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ಅಂಗಡಿ.
ನೀರನ್ನು ಎತ್ತುವ ವಿದ್ಯೆ ಗೊತ್ತಿತ್ತು;
ನೀರಿನಿಂದ ಎತ್ತುವ ವಿದ್ಯೆಯನ್ನು
ಈ ಹದಿಮೂರಡಿ ದೋಣಿ ಕಲಿಸಿತು,
ಎರಡು ಫ್ಯಾನು, ನನ್ನದೊಂದು ಉಗುರು ಫೀಸು ತೆಗೆದುಕೊಂಡು.

ಮೊದಲ ವಾರ ಮೂಗು ನಿಲ್ಲಲಿಲ್ಲ.
ವೇಗ ಐವತ್ತು ದಾಟಿದ್ದೇ ತಡ
ಆಡುಮರಿಯ ಹಾಗೆ ಕುಪ್ಪಳಿಕೆ,
ಧಡ್ ಧಡ್ ಎಂದು ಹೊಟ್ಟೆ ಬಡಿದುಕೊಳ್ಳುವುದು.
ಮೋಟಾರಿನ ಕಾಲಿನ ಪಿನ್ನು
ಮೂರನೇ ತೂತಿನಿಂದ ಎರಡಕ್ಕೆ ಬಂತು,
ಪೆಟ್ರೋಲ್ ಟ್ಯಾಂಕು ಮೊಳದಷ್ಟು ಮುಂದೆ ಹೋಯಿತು.
ಶೇಂಗಾ ಗಾಡಿ ಹೇರುವಾಗ ಅಪ್ಪ ಅನ್ನುತ್ತಿದ್ದ,
ಮುಂಭಾರ ಆದರೆ ಎತ್ತಿನ ಹೆಗಲಿಗೆ ಪಾಪ,
ಹಿಂಭಾರ ಆದರೆ ಕೊರಳಿಗೆ.
ಇಲ್ಲಿ ಎತ್ತು ಹಿಂದಿದೆ, ಅಷ್ಟೇ.

ಆಮೇಲೆ ಆಸೆಯಾಯಿತು.
ಮೋಟಾರನ್ನು ಅರ್ಧ ಇಂಚು ಮೇಲೆ ಕೂರಿಸಿದೆ.
ನೇರ ಓಟದಲ್ಲಿ ಮೂರು ಕಿಲೋಮೀಟರು ಲಾಭ,
ತಿರುವಿನಲ್ಲಿ ಫ್ಯಾನು ನೀರು ಬಿಟ್ಟು ಗಾಳಿ ಕುಡಿದು
ಕತ್ತು ಹಿಸುಕಿದ ಕೋಳಿಯಂತೆ ಕಿರುಚಿತು.
ಕಾಲು ಇಂಚು ವಾಪಸು ಇಳಿಸಿದೆ.
ಅಳತೆ ಕೆಡಬಾರದೆಂದು ನಡುವೆ ಇಟ್ಟದ್ದು
ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿ,
ಹಳೇ ಸ್ಟಾರ್ಟರ್ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ್ದು.

ಓಡಿಸುವವಳು ಚಳ್ಳಕೆರೆ ಕಡೆಯ ಮಾರಕ್ಕ.
ತೂಕ ಕೇಳಿದರೆ ಐವತ್ತು ಅಂದಳು, ನಾನು ನಂಬಲಿಲ್ಲ.
ಈರುಳ್ಳಿ ಮಂಡಿಗೆ ಕರೆದುಕೊಂಡು ಹೋಗಿ
ಹೆಲ್ಮೆಟ್ಟು, ಜಾಕೆಟ್ಟು, ಒದ್ದೆ ಬಟ್ಟೆ ಸಮೇತ
ದಾದಾಪೀರನ ತಕ್ಕಡಿಯ ಮೇಲೆ ನಿಲ್ಲಿಸಿದೆ.
ಐವತ್ತೇಳೂವರೆ.
"ಚೀಲದ ತೂಕ ಕಳೀಲಾ?" ಅಂದ ದಾದಾಪೀರ.
ಹಮಾಲರೆಲ್ಲ ನಕ್ಕರು, ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ಎಲ್ಲ ಸರಿಯಾದ ಮೇಲೂ
ದೋಣಿ ಬಲಕ್ಕೆ ವಾಲುತ್ತಿತ್ತು.
ನೂಲು ಕಟ್ಟಿ ನಟ್ಟನಡು ನೋಡಿದೆ,
ಮಟ್ಟಗೋಲು ಇಟ್ಟು ಹಿಂದಿನ ಹಲಗೆ ನೋಡಿದೆ,
ತಳವನ್ನು ಮಗುಚಿ, ಕಣ್ಣು ಮುಚ್ಚಿ, ಅಂಗೈಯಿಂದ ಸವರಿದೆ.
ಅವಳ ಭಾರದಷ್ಟೇ ಮರಳನ್ನು
ಈರುಳ್ಳಿ ಬಲೆಯೊಳಗೆ ಗೊಬ್ಬರದ ಕವರಿಟ್ಟು ತುಂಬಿ
ಸೀಟಿನ ಮೇಲೆ ಕೂರಿಸಿ ದಡದಲ್ಲಿ ತೇಲಿಸಿದರೆ
ಬಟ್ಟಲಲ್ಲಿಟ್ಟ ಹಾಲಿನಂತೆ ಸಮ.
ಅವಳು ಕೂತು ಹೊರಟರೆ ಬಲಕ್ಕೆ.

ಎಂಟು ದಿನ ಬೇಕಾಯಿತು ನನಗೆ
ದೋಣಿಯನ್ನು ಬಿಟ್ಟು ಅವಳನ್ನು ನೋಡಲು.
ಎಕ್ಸಲೇಟರು ಏರಿದಂತೆಲ್ಲ
ಮುಖ ಬಲಕ್ಕೆ ಹೊರಳುತ್ತದೆ, ಹೆಗಲು ಇಳಿಯುತ್ತದೆ,
ಬಲಗಿವಿಯನ್ನು ಹಿಂದಕ್ಕೆ ಕೊಟ್ಟು
ಮೋಟಾರಿನ ಮಾತು ಕೇಳುತ್ತಾಳೆ,
ಯಾರೋ ಗುಟ್ಟು ಹೇಳುವಾಗ ಕೇಳುವ ಹಾಗೆ.

ಎಡಗಿವಿ ಬೋರ್‌ವೆಲ್ ಲಾರಿಗೆ ಹೋಗಿತ್ತಂತೆ.
ಹನ್ನೆರಡರಿಂದ ಹತ್ತೊಂಬತ್ತರವರೆಗೆ
ಅಪ್ಪನ ಜೊತೆ ಕಂಪ್ರೆಸರಿನ ಪಕ್ಕ.
ಇದನ್ನು ಅವಳು ಹೇಳಲಿಲ್ಲ, ದಾದಾಪೀರ ಹೇಳಿದ,
ಅವಳು ಹೇಳದೇ ಇದ್ದದ್ದನ್ನೂ ಅವನೇ ಹೇಳಿದ.

ನೆಟ್ಟಗೆ ಕೂರು ಅನ್ನಬಹುದಿತ್ತು.
ನೆಟ್ಟಗೆ ಕೂತರೆ ಕೇಳಿಸುವುದಿಲ್ಲ,
ಫ್ಯಾನು ಗಾಳಿ ಕುಡಿಯುವ ಮೊದಲು
ಕಾಲು ನಿಮಿಷ ಮುಂಚೆ ಅದರ ಗಂಟಲು ಬದಲಾಗುವುದು
ನನಗೆ ಎರಡು ಕಿವಿಯಿದ್ದೂ ಗೊತ್ತಾಗುವುದಿಲ್ಲ.

ಅವಳು ಚಹಾಕ್ಕೆ ಹೋದಾಗ
ಬ್ಯಾಟರಿಯ ಕ್ಲ್ಯಾಂಪು ಬಿಚ್ಚಿದೆ.
ಒಂದು ಗೇಣು ಎಡಕ್ಕೆ.

ಆ ದಿನ ದೋಣಿ
ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಹೋಯಿತು,
ಹಿಂದೆ ಒಂದೇ ಗೆರೆ, ಸೀಳಿದ ಬಿದಿರಿನಷ್ಟು ನೇರ.
ಟ್ಯಾಂಕು ಅರ್ಧವಾಗುವವರೆಗೆ ಅಷ್ಟೇ, ಗೊತ್ತು,
ಪೆಟ್ರೋಲು ಇಳಿದರೆ ಮತ್ತೆ ಬೇರೆ ಲೆಕ್ಕ.

ಬಂದು ಹೆಲ್ಮೆಟ್ಟು ತೆಗೆದು ಕೇಳಿದಳು,
"ಏನು ಮಾಡ್ದೆ ಅಣ್ಣಾ?"
ಅವಳ ಬಲಕ್ಕೆ ಬಂದು ನಿಂತೆ.
ಯಾವುದೋ ಬೋಲ್ಟು ಸಡಿಲಾಗಿತ್ತು, ಅಂದೆ.